ಕಡವಿನ ಸವ್ವಾತಿಯ ಮಂದ್ರಸ್ವರ

ಸುಖೊನಾ ನದಿಯ ಕಡವಿನ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ ಸವ್ವಾತಿ ಕುಜ್ಮಿಚ್‌ಗೆ ದೇವರು ಎತ್ತರದ ಮೈಯನ್ನೇನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಕಂಠ. ಅವನು ಕೆಳಗಿನಿಂದ "ಹೊರಡೋಣ!" ಎಂದು ಕೂಗಿದರೆ ಮೇಲೆ ಕೂತವರ ಕೈಯಲ್ಲಿನ ಚಹಾ ನಡುಗುತ್ತಿತ್ತು. ಮೀಸೆ ಮೂಡಿದ ವಯಸ್ಸಿನಲ್ಲಿ ಒಡೆದ ದನಿ ಕೆಳಗಿಳಿಯುತ್ತಾ ಇಳಿಯುತ್ತಾ ಎಲ್ಲಿ ನಿಲ್ಲಬೇಕೆಂದೇ ಗೊತ್ತಾಗದೆ ಹೋದ ಹಾಗಿತ್ತು.

ಪೊಗೊರೆಲ್ಸ್ಕ್‌ನ ನಾರುಬಟ್ಟೆ ಗಿರಣಿಯ ಕ್ಲಬ್ಬಿನಲ್ಲಿ ಒಂದು ಗಾಯನ ಮೇಳವಿತ್ತು. ಹುಲ್ಲು ಕೊಯ್ಯುವ ಹಾಡು, ಮದುವೆ ಹಾಡು, ಯುದ್ಧಕ್ಕೆ ಹೋದವರನ್ನು ನೆನೆಯುವ ಹಾಡು, ಎಲ್ಲವನ್ನೂ ಹಾಡುತ್ತಿದ್ದರು. ಸವ್ವಾತಿಯ ಹೆಂಡತಿ ಫೈನಾ ಮುಂದಿನ ಸಾಲಿನಲ್ಲಿ. ಅವನು ಎಲ್ಲರ ಹಿಂದೆ, ಪರದೆಗೆ ಒರಗಿ. ಮೇಳ ನಡೆಸುತ್ತಿದ್ದ ಮುದುಕ ಅವನತ್ತ ಅಂಗೈ ಕೆಳಗೆ ಮಾಡಿ ತೋರಿಸುವುದು ಬಿಟ್ಟು ಬೇರೇನೂ ಮಾಡಿದವನಲ್ಲ. ಕಡಿಮೆ ಮಾಡು, ಇನ್ನೂ ಕಡಿಮೆ ಮಾಡು. ಹಗ್ಗ ಕಟ್ಟಿ ದೋಣಿ ಎಳೆಯುವವರ ಹಾಡಿನ ಕೊನೆಯ ಸಾಲಿನಲ್ಲಿ ಮಾತ್ರ ಅವನಿಗೆ ಬಿಡುಗಡೆ. ಆಗ ಅಕಾರ್ಡಿಯನ್ ನುಡಿಸುವ ಪ್ರೋಖರ್ ಪಕ್ಕದವನಿಗೆ ಕೇಳುವಂತೆಯೇ ಅನ್ನುತ್ತಿದ್ದ, "ಕಿವಿ ಮುಚ್ಕೊಳ್ರಪ್ಪೋ, ಕರಡಿ ಎದ್ದಿತು!"

ಮುದುಕ ನಿವೃತ್ತನಾದ ಮೇಲೆ ತಯೀಸಿಯಾ ಮಾರ್ಕೊವ್ನಾ ಎಂಬ ಹೆಂಗಸು ಬಂದಳು. ಒಬ್ಬೊಬ್ಬರನ್ನೂ ಪಿಯಾನೋ ಬಳಿಗೆ ಕರೆದು ಹಾಡಿಸಿದಳು. ಸವ್ವಾತಿಯ ಸರದಿ ಬಂದಾಗ ಅವಳ ಬೆರಳು ಎಡಕ್ಕೆ ಎಡಕ್ಕೆ, ತಗ್ಗು ಸ್ವರಗಳತ್ತ ಸರಿಯಿತು. ಅವನೂ ಹಿಂದೆಯೇ ಇಳಿದ. ಕೊನೆಗೆ ಅವಳು ಕೈ ತೆಗೆದು ಅವನತ್ತ ತಿರುಗಿದಳು.

"ಸವ್ವಾತಿ ಕುಜ್ಮಿಚ್, ನಿಮ್ಮ ಕಂಠಕ್ಕೆ ತಕ್ಕ ಹಾಡು ನಮ್ಮಲ್ಲಿ ಇಲ್ಲವೇ ಇಲ್ಲ. ಅವೆಲ್ಲಾ ಚರ್ಚಿನಲ್ಲಿವೆ."

ಹಿಂದೆ ತಾನೇ ಮುಚ್ಚಿಸಿದ್ದ ಚರ್ಚುಗಳ ಬೀಗವನ್ನು ಸರ್ಕಾರವೇ ಮುಂದೆ ನಿಂತು ತೆಗೆಸತೊಡಗಿದ್ದ ಕಾಲ ಅದು. ನದಿಯಾಚೆಯ ಸಂತ ನಿಕೋಲನ ಚರ್ಚು ಅಷ್ಟು ವರ್ಷ ಗಿರಣಿಯ ನಾರಿನ ಉಗ್ರಾಣವಾಗಿತ್ತು. ಅದು ಮತ್ತೆ ತೆರೆಯುವ ದಿನ ಬಂದು ಹಾಡಿಕೊಡಿ ಎಂದು ಹೊಸ ಪಾದ್ರಿ ನಿಕಾಂದ್ರ್ ಕ್ಲಬ್ಬಿನ ಮೇಳವನ್ನೇ ಕೇಳಿಕೊಂಡರು. ಬೆಳಿಗ್ಗೆ ಒಳಗೆ ದೇವರ ಹಾಡು, ಮಧ್ಯಾಹ್ನ ಹೊಳೆದಂಡೆಯಲ್ಲಿ ಊರ ಹಾಡು ಎಂದು ತಯೀಸಿಯಾ ಒಪ್ಪಿಬಿಟ್ಟಳು. ಚರ್ಚಿನೊಳಗೆ ವಾದ್ಯ ನುಡಿಸುವ ಪದ್ಧತಿಯಿಲ್ಲ ಎಂದು ತಿಳಿದ ಪ್ರೋಖರ್ ಮುಖ ಊದಿಸಿಕೊಂಡ.

ಸವ್ವಾತಿ ಮಾತ್ರ ಆಗುವುದಿಲ್ಲ ಎಂದ.

"ಯಾಕೋ ಆಗಲ್ಲ?" ಫೈನಾ ಎಲೆಕೋಸಿನ ಕಡುಬಿಗೆ ಹಿಟ್ಟು ನಾದುತ್ತಾ ಕೇಳಿದಳು.

"ದೇವರಿದಾನೆ ಅಂತ ನಾನು ಯಾವತ್ತೂ ಅಂದ್ಕೊಂಡೋನಲ್ಲ. ಅವನ ಮನೇಲಿ ನಿಂತು ಕರುಣಿಸಪ್ಪಾ ಅಂತ ಬಾಯಲ್ಲಿ ಮಾತ್ರ ಹಾಡಿದ್ರೆ ಅದು ಸುಳ್ಳಲ್ವೇನೆ?"

"ಮದುವೆ ಹಾಡಲ್ಲಿ ನಾನು ಹದಿನಾರರ ಹುಡುಗಿ ಅಂತ ಹಾಡ್ತೀನಿ. ಅದು ಸುಳ್ಳಲ್ವಾ?"

"ಅದು ಬೇರೆ."

"ಏನು ಬೇರೆ? ನನ್ನ ಸೊಂಟ ನೋಡು!"

ಅವನು ನಗಲಿಲ್ಲ. ಅಭ್ಯಾಸಕ್ಕೂ ಹೋಗಲಿಲ್ಲ. ಫೈನಾ ಒಬ್ಬಳೇ ಹೋಗಿ ಬಂದು, "ನಿನ್ನ ದನಿ ಇಲ್ದೆ ಮೇಲೆ ಗೋಡೆ ಎಬ್ಬಿಸ್ತಾ ಇದೀವಿ, ಕೆಳಗೆ ನೆಲಾನೇ ಇಲ್ಲ," ಎಂದು ಚಡಪಡಿಸುತ್ತಿದ್ದಳು. ಅದನ್ನು ಕೇಳಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಾದ್ರಿ ನಿಕಾಂದ್ರ್ ಸುಣ್ಣದ ಚೀಲಗಳ ಜೊತೆ ದೋಣಿ ಹತ್ತಿದರು. ನಿಲುವಂಗಿಯೆಲ್ಲ ಬಿಳಿ ಧೂಳು. ಸವ್ವಾತಿ ಎಣ್ಣೆಗೈ ಒರೆಸಿಕೊಂಡು ಮೇಲೆ ಬಂದು ಅವರ ಎದುರಿಗೇ ನಿಂತ.

"ಪಾದ್ರಿಗಳೇ, ಒಂದು ಮಾತು. ನಂಬಿಕೆ ಇಲ್ಲದೋನು ದೇವರ ಹಾಡು ಹಾಡಬಹುದಾ?"

ಪಾದ್ರಿ ಅವನ ಮುಖವನ್ನೇ ನೋಡಿದರು. "ದೋಣಿ ಎಳೆಯೋರ ಹಾಡು ಹಾಡ್ತೀರಂತಲ್ಲ. ನೀವು ಎಳೆದಿದ್ದೀರಾ?"

"ಇಲ್ಲ. ನಮ್ಮ ತಾತ ಎಳೆದಿದ್ದ. ಹೆಗಲ ಮೇಲೆ ಹಗ್ಗದ ಗುರುತಿತ್ತು."

"ಅಂದ್ರೆ ಅವನ ಪರವಾಗಿ ಹಾಡ್ತೀರಿ. ಈ ಚರ್ಚಲ್ಲಿ ಎಷ್ಟೋ ಜನ ಅತ್ತಿದಾರೆ, ಬೇಡಿಕೊಂಡಿದಾರೆ. ಅವರ ಪರವಾಗಿ ಹಾಡಿ. ಮಿಕ್ಕಿದ್ದು ನಿಮಗೂ ದೇವರಿಗೂ ಬಿಟ್ಟದ್ದು. ನಾನು ನಡುವೆ ಬರಲ್ಲ." ಆಮೇಲೆ ದನಿ ತಗ್ಗಿಸಿ, "ನನ್ನ ಹತ್ರ ಇರೋದು ನಾಲ್ಕೇ ಜನ ಅಜ್ಜಿಯರು ಕಣ್ರೀ. ಅವರಲ್ಲೊಬ್ಬರಿಗೆ ಕಿವಿ ಕೇಳಲ್ಲ. ಅವರದ್ದೇ ಜೋರು ದನಿ," ಎಂದರು.

ಸವ್ವಾತಿಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೆ ದಡದ ಬಾತುಕೋಳಿಗಳು ಎದ್ದು ಹಾರಿದವು.

ಮುಂದಿನ ಬುಧವಾರ ಸಂಜೆಯ ಅಭ್ಯಾಸಕ್ಕೆ ಅವನು ಹೋದ. ಹಳೆಗಾಲದ ಚರ್ಚಿನ ಭಾಷೆಗೆ ನಾಲಿಗೆ ತೊಡರುತ್ತಿತ್ತು. ಇಂಜಿನ್ ಪಕ್ಕ ಕೂತು ಅವೇ ಮಾತುಗಳನ್ನು ಗೊಣಗಿಕೊಳ್ಳುವುದನ್ನು ಕೇಳಿ ಜನ, ಪಾಪ, ಕುಜ್ಮಿಚ್‌ಗೆ ಏನೋ ಆಗಿದೆ ಅಂದುಕೊಂಡರು.

ಚರ್ಚು ತೆರೆದ ದಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗಳಿಗೆ ಸುಣ್ಣ ಬಳಿದಿದ್ದರೂ ನಾರಿನ ವಾಸನೆ ಇನ್ನೂ ಬಿಟ್ಟಿರಲಿಲ್ಲ. ಕಟ್ಟಿದ ಹಳಬರು ದನಿ ತುಂಬಿ ಬರಲೆಂದು ಗೋಡೆಯೊಳಗೇ ಖಾಲಿ ಮಡಕೆಗಳನ್ನು ಹುದುಗಿಸಿದ್ದರು. ಹೆಂಗಸರ ದನಿ ಗುಮ್ಮಟಕ್ಕೆ ಏರಿತು. 'ಕರುಣಿಸು' ಎಂಬ ಮಾತು ಮತ್ತೆ ಮತ್ತೆ ಬರುವ ಕಡೆ ತಯೀಸಿಯಾ ಹಿಂದಿನ ಸಾಲಿನತ್ತ ನೋಡಿದಳು. ಸವ್ವಾತಿ ಅಭ್ಯಾಸಬಲದಿಂದ ದನಿಯನ್ನು ಅರ್ಧಕ್ಕೇ ಹಿಡಿದುಕೊಂಡ. ಅವಳ ಅಂಗೈ ಮೇಲಕ್ಕೆ ತಿರುಗಿತು. ಇನ್ನೂ, ಇನ್ನೂ ಕೊಡಿ.

ಅವನು ಹಿಡಿದಿದ್ದ ದನಿಯನ್ನು ಬಿಟ್ಟ.

ಗೋಡೆಯ ಮಡಕೆಗಳು ಗುಂಯ್ ಎಂದವು. ಎಲ್ಲೋ ಮೇಲಿನ ಅಂಚಿನಲ್ಲಿ ಉಳಿದಿದ್ದ ನಾರಿನ ಎಳೆಗಳು ಬಿಸಿಲಿನಲ್ಲಿ ಮೆಲ್ಲಗೆ ಇಳಿದು ಬಂದವು. ಕಿವಿ ಕೇಳದ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ಅತ್ತಿತ್ತ ನೋಡಿ, "ಯಾರದು? ಯಾರು ಹಾಡ್ತಿರೋದು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಸವ್ವಾತಿಗೆ ತಾತನ ಹೆಗಲು ಕಣ್ಣಮುಂದೆ ಬಂತು. ಆಮೇಲೆ ಅದೂ ಹೋಗಿ ದನಿಯೊಂದೇ ಉಳಿಯಿತು. ತನ್ನ ಪೂರ್ತಿ ಕಂಠ ಎಷ್ಟು ದೊಡ್ಡದೆಂದು ಅವನಿಗೇ ಗೊತ್ತಾದದ್ದು ಆವತ್ತು.

ಮಧ್ಯಾಹ್ನ ಹೊಳೆದಂಡೆಯಲ್ಲಿ ಮೀನಿನ ಕಡುಬು, ಉಪ್ಪಿನಲ್ಲಿಟ್ಟ ಅಣಬೆ, ಸಮೋವಾರಿನ ಹಂಡೆಯಲ್ಲಿ ಕುದಿದ ನೀರಿನ ಚಹಾ. ಪ್ರೋಖರ್ ಬೆಳಗಿನದಕ್ಕೂ ಸೇರಿಸಿ ನುಡಿಸಿದ. ಮದುವೆ ಹಾಡಿಗೆ ಪಾದ್ರಿಗಳೂ ಕಾಲಲ್ಲಿ ತಾಳ ಹಾಕುತ್ತಿದ್ದರು. ಯಾರೋ ನೋಡಿದಾಗ ನಿಲ್ಲಿಸಿದರು, ಆಮೇಲೆ ಮತ್ತೆ ಶುರುಮಾಡಿದರು.

ಅಲ್ಲಿಂದ ಮುಂದೆ ಮೇಳ ಎರಡು ಬಗೆಯನ್ನೂ ಹಾಡುತ್ತಾ ನದಿಯ ಇತರ ಊರುಗಳಿಗೂ ಹೋಗತೊಡಗಿತು. ಶನಿವಾರ ಸಂಜೆಯ ಪೂಜೆಗೆ ಸವ್ವಾತಿ ತಪ್ಪದೆ ಚರ್ಚಿಗೆ ಹೋಗುತ್ತಿದ್ದ.

"ನಂಬಿಕೆ ಬಂತೇನೋ?" ಎಂದು ಒಮ್ಮೆ ಫೈನಾ ಕೇಳಿದಳು.

"ಹಾಡುವಾಗ ಬರುತ್ತೆ. ಇಂಜಿನ್ ಕೆಟ್ಟಾಗ ಹೋಗುತ್ತೆ," ಎಂದ.

ಈಗ ಅವನಿಗೊಂದು ಹೊಸ ಚಟ. ದೋಣಿ ಹತ್ತಿದವರ ದನಿಗೆ ಕಿವಿಗೊಡುತ್ತಾನೆ. ಮೊನ್ನೆ ಒಬ್ಬ ಮರ ಕಡಿಯುವವನು ದೋಣಿ ತಡವಾಯಿತೆಂದು ಗುಡುಗಿನಂಥ ತಗ್ಗು ದನಿಯಲ್ಲಿ ಬಾಯಿಗೆ ಬಂದಂತೆ ಬೈದ. ಸವ್ವಾತಿ ಓಡಿಬಂದು ಅವನ ಎರಡೂ ಭುಜ ಹಿಡಿದುಕೊಂಡ.

"ಇನ್ನೊಂದ್ಸಲ ಬೈಯಿ ತಮ್ಮಾ. ನಿಧಾನವಾಗಿ ಬೈಯಿ. ಬುಧವಾರ ಸಂಜೆ ಏನು ಕೆಲಸ ನಿಂಗೆ?"