ಒಂದು ಬೆರಳಿನ ಜಾಗ

ಜ್ವಾಲಾಮುಖಿ ದ್ವೀಪವೊಂದರ ಕಾಊ ಬೆಟ್ಟದ ಬುಡದಲ್ಲಿ ಬೆಳಗು ಮಂಜಿನೊಳಗಿಂದ ನಿಧಾನವಾಗಿ ಹೊರಬರುತ್ತದೆ. ಬೆಟ್ಟ ಕಾಣದು, ಸಮುದ್ರ ಕಾಣದು, ಕಾಣುವುದು ತಗಡಿನ ಚಾವಣಿಯಡಿ ತೂಗುವ ಒಂದು ದೀಪ ಮಾತ್ರ. ಅದರ ಕೆಳಗೆ ಹೌನಾನಿ ಆಂಟಿ ಕಾಲು ಚಾಚಿ ಕುಳಿತಿದ್ದಾರೆ. ಮಡಿಲಲ್ಲಿ ನಾಯಿಯೊಂದರ ಮುಂಗಾಲು. ಲಾರಿ ಟ್ಯೂಬು ಕತ್ತರಿಸಿ ಹೊಲಿದ ಬೂಟನ್ನು ಅದಕ್ಕೆ ತೊಡಿಸುತ್ತಿದ್ದಾರೆ. ನಾಯಿ ಆಕಳಿಸುತ್ತದೆ, ಅದನ್ನು ನೋಡಿ, ಆಂಟಿಯ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಆಕಳಿಸುತ್ತೇನೆ.

"ಬೆರಳು ಹಾಕೋ," ಎನ್ನುತ್ತಾರೆ ಆಂಟಿ. ನಾಯಿಯ ಯಜಮಾನ ಕವಿಕ ಬೂಟಿನ ಪಟ್ಟಿಯೊಳಗೆ ತೋರುಬೆರಳು ತೂರಿಸುತ್ತಾನೆ. ಸಲೀಸಾಗಿ ಹೋಗುತ್ತದೆ.

"ಸಡಿಲ ಆಯ್ತಲ್ಲ ಆಂಟಿ? ಕಳಚಿ ಬಿದ್ರೆ?"

"ನಿನ್ನ ಚಡ್ಡಿ ಕಳಚದೇ ಇದ್ರೆ ಸಾಕು, ನಡಿ."

ಕವಿಕ ನಗುತ್ತಾನಾದರೂ ಅವನ ಅಂಜಿಕೆ ಸುಳ್ಳಲ್ಲ. ಎರಡು ತಿಂಗಳ ಹಿಂದೆ ಹಂದಿ ಬೆನ್ನಟ್ಟಿ ಓಡಿದ ಲಿಕೊ ಎಂಬ ಈ ಹೆಣ್ಣು ನಾಯಿಯ ಎಡ ಮುಂಗಾಲಿನ ಅಡಿಯ ಮೆತ್ತೆ ಲಾವಾ ಕಲ್ಲಿಗೆ ಸಿಕ್ಕಿ ಕಿತ್ತುಬಂದಿತ್ತು. ಅಷ್ಟು ದಿನವೂ ಅವಳು ಇದೇ ಜಗುಲಿಯಲ್ಲಿ ಆಂಟಿಯ ಆರೈಕೆಯಲ್ಲಿದ್ದಳು. ಗಾಯವಾದ ಮೇಲೆ ಕಲ್ಲಿಗೆ ಇಳಿಯುವುದು ಇವತ್ತೇ ಮೊದಲು. ಶನಿವಾರ ಕವಿಕನ ತಾಯಿ ತೀರಿಕೊಂಡು ವರ್ಷ ತುಂಬುವ ಊಟ. ನೆಲದೊಳಗಿನ ಇಮು ಒಲೆಯಲ್ಲಿ ಬೆಟ್ಟದ ಹಂದಿ ಬೇಯಲೇಬೇಕೆಂಬುದು ಮನೆಯವರ ಹಟ. ಅವನಿಗಿರುವುದು ಇದೊಂದೇ ನಾಯಿ. ಮೆತ್ತೆ ಮತ್ತೊಮ್ಮೆ ಕಿತ್ತರೆ ಲಿಕೊ ಇನ್ನೆಂದೂ ಬೆಟ್ಟ ಹತ್ತಲಾರಳು.

ಆಂಟಿಗೆ ಅರವತ್ತೆಂಟು. ನಲವತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಒಂದು ಟ್ಯೂಬಿಗೆ ಹದಿನಾರು ಬೂಟು, ಒಂದು ನಾಯಿಗೆ ನಾಲ್ಕು. ಬೇಟೆಯ ದಿನಗಳಲ್ಲಿ ಐದು ನಾಯಿಗಳಾದರೂ ಬರುತ್ತವೆ. ಬೂಟಿನ ಮುಂಭಾಗ ತೆರೆದೇ ಇರುತ್ತದೆ. ಉಗುರು ಹೊರಗಿದ್ದರೆ ತಾನೇ ಕಲ್ಲನ್ನು ಕಚ್ಚಿ ಹತ್ತುವುದು! ಬೇಟೆಗಾರರು ಹಳೇ ಟ್ಯೂಬು ತಂದುಕೊಡುತ್ತಾರೆ, ಹಂದಿ ಬಿದ್ದರೆ ಒಂದು ಪಾಲು ಮಾಂಸ ಕೊಡುತ್ತಾರೆ. ಆಂಟಿ ಅದಕ್ಕೆ ಉಪ್ಪು ಹಚ್ಚಿ, ಒಣಗಲೆಂದು ಹೊಗೆಗೆ ಕಟ್ಟುತ್ತಾರೆ. ಊರಲ್ಲಿ ಯಾರಿಗೂ ಅವರ ನೆನಪಾಗುವುದಿಲ್ಲ, ನಾಯಿ ಕುಂಟುವವರೆಗೆ.

ಕವಿಕ ಲಿಕೊಳೊಂದಿಗೆ ಬೇಟೆಗೆ ಹೊರಟ ಮೇಲೆ, ಪಟ್ಟಿಯಲ್ಲಿ ಒಂದು ಬೆರಳಿನ ಜಾಗ ಬಿಡುವ ಲೆಕ್ಕ ಎಲ್ಲಿಂದ ಬಂತೆಂದು ನಾನು ಕೇಳಿದಾಗ ಅವರ ಕತ್ತರಿ ನಿಲ್ಲುತ್ತದೆ.

"ಹತ್ತೊಂಬತ್ತು ವರ್ಷ ನಂಗಾಗ. ಅಪ್ಪನ ನಾಯಿ ಪಿಲಿಗೆ ಮೊದಲನೇ ಸಲ ನಾನೇ ಬೂಟು ಮಾಡ್ದೆ. ಬಿದ್ದುಹೋಗಬಾರ್ದು ಅಂತ ಗಟ್ಟಿಯಾಗಿ ಬಿಗಿದೆ. ಓಡ್ತಾ ಓಡ್ತಾ ಕಾಲು ಊದ್ಕೊಳ್ಳುತ್ತೆ ಅಂತ ಯಾರಿಗ್ ಗೊತ್ತಿತ್ತು? ರಕ್ತ ನಿಂತು ಕಾಲೇ ಹೋಯ್ತು. ಅಪ್ಪ ಬೈಲಿಲ್ಲ ಕಣೋ. ಒಂದು ಮಾತೂ ಆಡ್ಲಿಲ್ಲ."

ಈಗಲೂ ಪಿಲಿ ಅವರ ಕನಸಿಗೆ ಬರುತ್ತದಂತೆ. ಮಂಜು, ಕಪ್ಪು ಕಲ್ಲು, ಮೂರು ಕಾಲಿನ ಮೆತ್ತನೆಯ ಸದ್ದು. ಮುಂದೆ ಅಪ್ಪ ನಡೆಯುತ್ತಿರುತ್ತಾನೆ, ತಿರುಗಿ ನೋಡುವುದಿಲ್ಲ.

ಮೂರು ಗಂಟೆಗೆ ಮತ್ತೆ ಮಂಜು ಇಳಿಯುವಾಗ ಕವಿಕನ ಪಿಕಪ್ ಬಂದು ನಿಲ್ಲುತ್ತದೆ. ಬೇಟೆಯಿಂದ ಬಂದವರು ಮೊದಲು ನಾಯಿಯ ಕಾಲು ತೋರಿಸಬೇಕು, ಮಾಂಸ ಆಮೇಲೆ. ಆಂಟಿಯ ಜಗುಲಿಯ ಕಟ್ಟುನಿಟ್ಟು ಇದು. ಕವಿಕ ಲಿಕೊಳನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಾನೆ. ಗಾಡಿ ಹಿಂದೆ ಖಾಲಿ. ಲಿಕೊಳ ಮೂರು ಕಾಲಲ್ಲಿ ಬೂಟುಗಳಿವೆ, ಎಡ ಮುಂಗಾಲು ಬರಿದು.

"ನಾನೇ ಸಡಿಲ ಬಿಟ್ಟೆ," ಎನ್ನುವಾಗ ಆಂಟಿಯ ಮುಖ ಬಿಳಿಚಿಕೊಂಡಿದೆ.

"ಅಯ್ಯೋ, ಇಲ್ಲಿ ಕೇಳಿ ಆಂಟಿ! ಓಡೋ ರಭಸದಲ್ಲಿ ಕಾಲು ಕಲ್ಲಿನ ಸಂದಿಗೆ ಸಿಕ್ಕೊಳ್ತು. ಮುರೀಲೇಬೇಕಿತ್ತು. ಬೂಟು ಒಳಗೇ ಉಳ್ಕೊಳ್ತು, ಕಾಲು ಜಾರಿ ಈಚೆ ಬಂತು. ಬಿಗಿದಿದ್ರೆ ಇವಳ ಕಥೆ ಮುಗೀತಿತ್ತು."

"ಹಂದಿ?"

"ಹೋಯ್ತು. ಇನ್ನೂ ಎರಡು ಮೈಲಿ ಕಲ್ಲಿತ್ತು, ಬರಿಗಾಲಲ್ಲಿ ಹೆಂಗೆ ನಡೆಸ್ಲಿ? ಹೊತ್ಕೊಂಡ್ ಬಂದೆ."

"ಅಮ್ಮನ ಊಟಕ್ಕೆ ಏನ್ ಮಾಡ್ತೀಯೋ?"

"ಅಮ್ಮ ಇದ್ದಿದ್ರೂ ನಾಯೀನೇ ಎತ್ಕೊಳೋ ಅಂತಿದ್ಲು."

ಆಂಟಿ ಕಾಲನ್ನು ಮಡಿಲಿಗೆಳೆದು, ತೊಳೆದು, ಹೆಬ್ಬೆರಳಿನಿಂದ ಮೆತ್ತೆ ಒತ್ತಿ ನೋಡುತ್ತಾರೆ. ಗುಲಾಬಿ ಬಣ್ಣದ ಹೊಸ ಚರ್ಮ ಹಾಗೇ ಇದೆ. ಒಂದು ಗೀರೂ ಇಲ್ಲ. ಅವರು ಎದ್ದು ಹಿತ್ತಲಿಗೆ ಹೋಗಿ, ಹೊಗೆಗೆ ಕಟ್ಟಿದ್ದ ಮಾಂಸವನ್ನೆಲ್ಲ ಬಿಚ್ಚಿ ತಂದು ಪಿಕಪ್ಪಿಗೆ ತುಂಬುತ್ತಾರೆ. ಕವಿಕ ಬೇಡವೆಂದರೂ ಕೇಳುವುದಿಲ್ಲ.

"ಉಪ್ಪು ಜಾಸ್ತಿ ಇದೆ, ನೆನೆಸಿ ಬೇಯಿಸು. ನಿಮ್ಮಮ್ಮನೂ ಗೊಣಗ್ತಿದ್ಲು."

ಗಾಡಿ ಮಂಜಿನೊಳಗೆ ಕರಗುವ ಹೊತ್ತಿಗೆ ಆಂಟಿ ಇನ್ನೊಂದು ಟ್ಯೂಬಿನ ಮೇಲೆ ಲಿಕೊಳ ಪಾದದ ಅಳತೆಯನ್ನು ನೆನಪಿನಿಂದಲೇ ಗುರುತು ಹಾಕುತ್ತಿದ್ದಾರೆ. ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ.

"ಇವತ್ತು ಕನಸಲ್ಲಿ ಅಪ್ಪ ಬಂದ್ರೆ ಕರೀತೀನಿ," ಎನ್ನುತ್ತಾರೆ. "ಒಂದ್ಸಲ ತಿರುಗಿ ನೋಡಪ್ಪ, ಈ ನಾಯಿ ಕಾಲು ನೋಡು ಅಂತೀನಿ."