ಸುಳ್ಳು ಸೀನು

ಆಗೆಲ್ಲ ಸಂಕ್ರಾಂತಿ ಮುಗಿಯಿತೆಂದರೆ ಬ್ಯಾಡಗಿಯ ಗಾಳಿಗೇ ಖಾರ ಹತ್ತುತ್ತಿತ್ತು. ಮಾರುಕಟ್ಟೆಗೆ ಒಣಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತಿದ್ದವು. ಪರವೂರಿನವರು ಬಸ್ಸಿಳಿದ ಕೂಡಲೇ ಸೀನುತ್ತಿದ್ದರು. ಇಲ್ಲೇ ಹುಟ್ಟಿದ ನಾವು ಅವರನ್ನು ನೋಡಿ ನಗುತ್ತಿದ್ದೆವು. ನಮ್ಮ ಪಡಸಾಲೆಯಲ್ಲೂ ಚೀಲಗಳಿರುತ್ತಿದ್ದವು. ಅವಕ್ಕೆ ಒರಗಿಕೊಂಡೇ ರೊಟ್ಟಿ-ಚಟ್ನಿ ತಿಂದು ನಾನು ಶಾಲೆಗೆ ಹೋಗುತ್ತಿದ್ದೆ. ಒಂದು ದಿನವೂ ಮೂಗು ಕೆರೆದಿದ್ದಿಲ್ಲ.

ನಾನಾಗ ನಾಲ್ಕನೆಯ ತರಗತಿ. ಆ ವರ್ಷ ರಾಣೆಬೆನ್ನೂರಿನಿಂದ ದಿನಾ ಓಡಾಡುವ ಹೊಸ ಟೀಚರು, ನಮ್ಮ ಮಾತಿನಲ್ಲಿ ಅಕ್ಕೋರು, ಬಂದಿದ್ದರು. ಅಲ್ಲಿಯವರೆಗೆ ನಾವು ನಮ್ಮ ನಮ್ಮ ಓಣಿಯವರ ಜೊತೆಗೇ ಕೂರುತ್ತಿದ್ದೆವು. ಅಕ್ಕೋರು ಅದನ್ನು ಮುರಿದರು. ಸೋಮವಾರಕ್ಕೊಮ್ಮೆ ಜಾಗ ಬದಲು. ಎಲ್ಲರೂ ಎಲ್ಲರ ಪಕ್ಕ ಕೂರಬೇಕು, ಬಿಸಿಯೂಟಕ್ಕೂ ಅದೇ ಸಾಲು. ಹಾಗೆ ನನ್ನ ಪಕ್ಕಕ್ಕೆ ದುರ್ಗವ್ವ ಬಂದಳು, ಆ ವರ್ಷವಷ್ಟೇ ನಮ್ಮ ಶಾಲೆಗೆ ಸೇರಿದವಳು.

ಅವಳ ಅವ್ವ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದುರ್ಗವ್ವನೂ ಬೆಳಿಗ್ಗೆ ಒಂದಿಷ್ಟು ಬಿಡಿಸಿಕೊಟ್ಟು, ಘಾಟು ಹತ್ತಿದ ಅದೇ ಲಂಗದಲ್ಲಿ ಶಾಲೆಗೆ ಓಡಿ ಬರುತ್ತಿದ್ದಳು. ಬೆರಳ ತುದಿ ಸದಾ ಕೆಂಪು. ಆದರೆ ಹದಿನೇಳರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೂ ಹೇಳುತ್ತಿದ್ದಳು. ಬಾಯಿಲೆಕ್ಕದಲ್ಲಿ ನಾನು ತುಟಿ ಬಿಚ್ಚುವಷ್ಟರಲ್ಲಿ ಅವಳ ಉತ್ತರ ಬಂದಿರುತ್ತಿತ್ತು. ಮೂರು ವರ್ಷ ತರಗತಿಗೆ ಮೊದಲು ಬಂದವಳು ನಾನು. ಹೊಟ್ಟೆಕಿಚ್ಚು ಎಂದು ಇವತ್ತು ಬರೆಯಬಲ್ಲೆ.

ಒಂದು ದಿನ ಅವಳು ಉತ್ತರ ಹೇಳಲು ಎದ್ದಾಗ ನಾನು ಜೋರಾಗಿ ಸೀನಿದೆ. ಸುಳ್ಳು ಸೀನು. ಹಿಂದಿನಿಂದ ಇನ್ನೊಂದು ಬಂತು, ಆಮೇಲೆ ಇಡೀ ತರಗತಿ. ಮರುದಿನದಿಂದ ಅವಳು ಎದ್ದರೆ ಸಾಕು, ಅದೇ ಆಟ.

ಅಕ್ಕೋರಿಗೆ ಮಾತ್ರ ಘಾಟು ನಿಜಕ್ಕೂ ಹತ್ತುತ್ತಿತ್ತು. ಮೂಗಿಗೆ ಕರವಸ್ತ್ರ ಹಿಡಿದೇ ಪಾಠ ಮಾಡುತ್ತಿದ್ದರು. ಪಾಪ, ನಮ್ಮ ಸೀನನ್ನೂ ನಂಬಿದರು. ಆದರೂ ನನ್ನನ್ನು ಕರೆದು ಕೇಳಿದರು.

"ಖರೇ ಹೇಳು, ಆಕಿ ಮಗ್ಗಲ ಕುಂತ್ರ ನಿನಗ ತ್ರಾಸ ಆಗತೈತೇನು?"

ದುರ್ಗವ್ವ ಅಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ನಮ್ಮ ಪಡಸಾಲೆಯ ಚೀಲಗಳು ಅವಳಿಗೆ ಗೊತ್ತಿದ್ದವು. ಅವಳ ಅವ್ವ ಬಿಡಿಸುತ್ತಿದ್ದುದು ನಮ್ಮ ಮೆಣಸಿನಕಾಯಿಯನ್ನೇ.

"ಹೌದ್ರಿ ಅಕ್ಕೋರ" ಎಂದೆ.

ಅಕ್ಕೋರು ದುರ್ಗವ್ವನಿಗೆ ಮೆತ್ತಗೆ, "ಸ್ವಲ್ಪ ದಿನ ಬಾಗಲ ಕಡೆ ಕುಂದ್ರವ್ವಾ, ಅಲ್ಲಿ ಗಾಳಿ ಆಡತೈತಿ" ಎಂದರು.

ನಾಲ್ಕು ದಿನ ಅಲ್ಲಿ ಕುಳಿತಳು. ಬಿಸಿಯೂಟಕ್ಕೂ ಒಬ್ಬಳೇ. ಐದನೆಯ ದಿನ ಬರಲಿಲ್ಲ. ಅಕ್ಕೋರು ಮನೆತನಕ ಹೋಗಿ ಕರೆದರು. ಮರಳಿ ಬಂದು, ಅವಳ ಅವ್ವ ಅಂದದ್ದನ್ನು ಹೆಡ್ಮಾಸ್ತರರಿಗೆ ಹೇಳುತ್ತಿದ್ದರು: "'ನನ್ನ ಮಗ್ಗಲ ಯಾರಿಗೂ ಕುಂದರಾಕ ಆಗಂಗಿಲ್ಲ, ನಾ ಸಾಲಿ ಒಲ್ಲೆ' ಅಂತ ಹುಡುಗಿ ಹೇಳತಾಳಂತ್ರಿ ಸರ್."

ಸೀನು ಸುಳ್ಳೆಂದು ಆಗಲೂ ಹೇಳಬಹುದಿತ್ತು. ಎರಡು ಹೆಜ್ಜೆ ದೂರದಲ್ಲಿದ್ದೆ. ಬೈಸಿಕೊಳ್ಳಬೇಕಾದೀತೆಂದು ಹೆದರಿ ಸುಮ್ಮನಿದ್ದೆ. ದುರ್ಗವ್ವ ಮತ್ತೆ ಶಾಲೆಗೆ ಬರಲೇ ಇಲ್ಲ.

ಬೇಸಿಗೆಗೆ ಫಲಿತಾಂಶ ಬಂತು. ತರಗತಿಗೆ ನಾನೇ ಮೊದಲು. ನಮ್ಮವ್ವ ಹೋಳಿಗೆ ಮಾಡಿದಳು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ತುಪ್ಪ ಹಾಕಿಸಿಕೊಂಡು ಎರಡು ತಿಂದೆ.

ಈಗ ಹಾವೇರಿಯಲ್ಲಿ ನಾನೂ ಪ್ರಾಥಮಿಕ ಶಾಲೆಯ ಅಕ್ಕೋರು. ಎಲ್ಲರೂ ಸಮಾನರು ಎಂದು ಗೋಡೆಯ ಮೇಲೆ ಬರೆಸಿದ್ದೇನೆ, ಮಕ್ಕಳನ್ನು ಕಲೆಸಿ ಕೂರಿಸುತ್ತೇನೆ. ದುರ್ಗವ್ವನನ್ನು ಇಲ್ಲೇ ಹತ್ತಿರದ ಗುತ್ತಲಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆಂದು ಕೇಳಿದ್ದೇನೆ. ಬಸ್ಸುಗಳು ಬೇಕಾದಷ್ಟಿವೆ, ಹತ್ತಿಲ್ಲ. ಆ ವರ್ಷ ನಾನು ಕಳೆದುಕೊಂಡದ್ದು ಏನೂ ಇಲ್ಲ. ಅವಳು ಇಡೀ ಶಾಲೆಯನ್ನೇ ಕಳೆದುಕೊಂಡಳು. ಸಭೆಗಳಲ್ಲಿ ಯಾರಾದರೂ "ಇವರು ಸಣ್ಣವರಿದ್ದಾಗಿಂದ ಕ್ಲಾಸಿಗೇ ಫಸ್ಟ್ ರೀ" ಎಂದು ಪರಿಚಯಿಸಿದರೆ ತಲೆ ತಗ್ಗಿಸಿ ಕೂರುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ.