ಕರಜಗಿಯ ಮರಿ ತಾಲೀಮು

ತೂಕಕ್ಕೆ ಹಾಕಿದರೆ ಉಸ್ತಾದ ಇಮಾಮಸಾಬರು ಒಂದು ಚೀಲ ತೊಗರಿಗಿಂತ ಐದಾರು ಸೇರು ಕಡಿಮೆ. ಹೆಗಲು ಒಳ್ಳೆಯ ಮಾಲು, ಮೊಣಕಾಲು ಹಳೆಯ ದಾಸ್ತಾನು. ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿಸಿಕೊಂಡು ಕಿವಿಗಳು ಹುಳ ಹೊಡೆದ ಕಾಳಿನ ಹಾಗೆ ಮುದುಡಿದ್ದವು. ಮಾತಿನಲ್ಲಿ ಕಲಬೆರಕೆ ಇರಲಿಲ್ಲ. ಅಂಥ ಮಾಲಿಗೆ ಪೇಟೆಯಲ್ಲಿ ಗಿರಾಕಿ ಕಡಿಮೆ.

1936ರಲ್ಲಿ ಆಳಂದದ ದೊಡ್ಡ ತಾಲೀಮಿನ, ಅಂದರೆ ಗರಡಿಮನೆಯ, ಪಂಚರಿಗೆ ಒಂದು ಮರಿ ತಾಲೀಮು ಬೇಕೆನಿಸಿತು. ಯಾವುದಾದರೂ ಹಳ್ಳಿಯಲ್ಲಿ ಹುಡುಗರನ್ನು ಹದಮಾಡುವುದು, ಬಲಿತವರನ್ನು ಆಳಂದಕ್ಕೆ ಕರೆಸಿಕೊಂಡು ದೊಡ್ಡ ಕುಸ್ತಿಗೆ ಬಿಡುವುದು. ಹತ್ತಿರದ ನರೋಣಾದಲ್ಲಿ ಕೆಂಪು ಮಣ್ಣಿನ ಕುಸ್ತಿ ಕಣವಿತ್ತು, ಮೂವತ್ತು ಹುಡುಗರಿದ್ದರು, ಅವರೇ ಬಂದು ಕೇಳಿಯೂ ಇದ್ದರು. ಪಂಚರು ಆರಿಸಿದ್ದು ಕರಜಗಿಯನ್ನು. ಅದು ಅಫಜಲಪುರದ ಸೀಮೆ, ಬಂಡಿಗೆ ಎರಡು ದಿನದ ದಾರಿ. ಅಲ್ಲಿ ಕಣವಿರಲಿಲ್ಲ, ಹುಡುಗರು ಏಳೇ ಜನ, ಮಣ್ಣೆಲ್ಲ ಕಪ್ಪು ಎರೆ.

ಹಿರಿಯ ಪಂಚ ದೊಡ್ಡಪ್ಪನ ಬೀಗರು ಕರಜಗಿಯವರು. ಒಂದು ಖಾಲಿ ಗೋದಾಮು ಬಿಟ್ಟುಕೊಡುತ್ತೇವೆಂದಿದ್ದರು. ಇದನ್ನು ಬರೆಯುತ್ತಿರುವ ತೊಗರಿ ವ್ಯಾಪಾರಿಯೂ ಪಂಚರಲ್ಲಿ ಒಬ್ಬ. ಅವನ ಬಂಡಿಗಳು ಹೇಗೂ ಕರಜಗಿಗೆ ಖಾಲಿ ಹೋಗಿ ತುಂಬಿ ಬರುತ್ತಿದ್ದವು, ಸಾಗಣೆಯ ಚಿಂತೆಯಿಲ್ಲವೆಂದು ಅವನೂ ಕೈ ಎತ್ತಿದ. ಇವೆಲ್ಲ ಹೇಳಿಕೊಳ್ಳುವ ಕಾರಣಗಳು. ನಿಜವಾದದ್ದು ಬೇರೆ: ಮೂರು ವರ್ಷದ ಹಿಂದೆ ನರೋಣಾದ ಹುಡುಗನೊಬ್ಬ ಆಳಂದದ ಪೈಲವಾನನನ್ನು ಎಲ್ಲರೆದುರು ಚಿತ್ ಮಾಡಿದ್ದ.

ಪಂಚರ ನಡುವೆ ಬಾಯಿ ಬಿಟ್ಟವರು ಅಲ್ಲಿ ಕುಸ್ತಿ ಕಲಿಸುತ್ತಿದ್ದ ಇಮಾಮಸಾಬರೊಬ್ಬರೇ. “ನರೋಣಾದವರು ನಮ್ಮನ್ನ ಕೆಡವ್ಯಾರಂದ್ರ ಅಲ್ಲಿ ಕಸುವು ಅದ ಅಂತ ಅಲ್ಲೇನ್ರಿ?”

“ಕೆಡವಿದವ್ರನ್ನ ನಮ್ಮ ಮರಿ ಅಂತ ಯಾವ ಬಾಯಿಲೆ ಕರೀಬೇಕೋ?” ಅಂದ ದೊಡ್ಡಪ್ಪ. “ಕರಜಗಿಗೆ ನೀನೇ ಹೋಗು. ಉರುಸಿನ ಕುಸ್ತಿ ಗೆಲ್ಲೋ ಒಬ್ಬ ಪೈಲವಾನನ್ನ ತಯಾರ್ ಮಾಡಿ ಕೊಡು. ಮರುದಿನಾನೇ ನಿನ್ನ ವಾಪಸ್ ಕರಿಸ್ತೀವಿ.”

ಇಮಾಮಸಾಬರಿಗೆ ಹೆಂಡತಿ ಮಕ್ಕಳಿರಲಿಲ್ಲ. ಆಳಂದದಲ್ಲಿ ತಂಗಿ ವಜೀರುನ್ನಿಸಾಳ ಮನೆಯ ಕಟ್ಟೆಯಿತ್ತು, ಸಂಜೆ ಅದರ ಮೇಲೆ ಕೂತು ಹರಟುವ ನಾಲ್ಕು ಜನರಿದ್ದರು. ಅವರ ಆಸ್ತಿ ಅಷ್ಟೇ. ಒಂದು ವರ್ಷದ ಮಾತೆಂದು ತಂಗಿಗೆ ಹೇಳಿ, ಹಾಸಿಗೆ ಸುತ್ತಿಕೊಂಡು ಬಂಡಿ ಹತ್ತಿದರು.

ಕರಜಗಿಯ ಜನ ಕೆಟ್ಟವರಲ್ಲ, ಆದರೆ ಹೊಲಕ್ಕೆ ಹೋಗುವವರು. ಬೆಳಗ್ಗೆ ಹುಡುಗರು ಕಸರತ್ತು ಮಾಡಿ ಹೋದರೆ ಮತ್ತೆ ಮರುದಿನವೇ ಮನುಷ್ಯರ ಸದ್ದು. ಗೋದಾಮಿನಲ್ಲಿ ಅಗೆದ ಕಣದ ಮಣ್ಣು ಹದವಾಗಲೆಂದು ಹಾಕುವ ಮಜ್ಜಿಗೆ ತರುವ ಸಾಬವ್ವ ಮಾತ್ರ ದಿನಕ್ಕೊಂದು ಮಾತು ಬಿಟ್ಟು ಹೋಗುತ್ತಿದ್ದಳು. “ಮಣ್ಣಿಗ್ಯಾಕ ಸುರೀತೀರಿ? ನೀವರ ಕುಡೀರಿ, ಮೈ ಹತ್ತತದ.” ಆ ಮಾತನ್ನು ಉಸ್ತಾದರು ಸಂಜೆಯ ತನಕ ಇಟ್ಟುಕೊಳ್ಳುತ್ತಿದ್ದರು.

ಎರೆಮಣ್ಣು ಮಜ್ಜಿಗೆಗೂ ಬಗ್ಗಲಿಲ್ಲ, ಅರಿಶಿನಕ್ಕೂ ಬಗ್ಗಲಿಲ್ಲ. ಹಸಿಯಿದ್ದಾಗ ಕಾಲು ಬಿಡದು, ಒಣಗಿದರೆ ಬೆನ್ನು ಸುಲಿಯುವುದು. ಖಾಲಿ ಬರುವ ಬಂಡಿಗಳಲ್ಲಿ ಎರಡು ಬಂಡಿ ಕೆಂಪು ಮಣ್ಣು ಹಾಕಿಸಿ ಕಳಿಸಿರೆಂದು ಅವರು ಹೇಳಿ ಕಳಿಸಿದರು. ಬಂಡಿಗೆ ಕೆಂಪು ಹತ್ತಿದರೆ ತೊಗರಿಯ ಬಣ್ಣ ಕೆಡುತ್ತದೆ, ಸುಗ್ಗಿ ಮುಗಿಯಲಿ ಎಂದು ವ್ಯಾಪಾರಿ ಹೇಳಿ ಕಳಿಸಿದ. ಸುಗ್ಗಿ ಆರು ಸಲ ಮುಗಿಯಿತು.

ಮೊದಲು ಆಳಂದಕ್ಕೆ ಹೋದ ಇಬ್ಬರು ಹುಡುಗರು ಬಿದ್ದರು. ಎರೆಯಿಂದ ಕಾಲು ಕೀಳಲು ಬೇಕಾದ ಕಸುವನ್ನು ಸಡಿಲ ಮಣ್ಣಿನಲ್ಲಿ ಹಾಕಿ, ತಮ್ಮ ಜೋರಿಗೆ ತಾವೇ ಮುಗ್ಗರಿಸಿದರು. ‘ಎರೆಹೊಲದ ಎಮ್ಮಿ ಬಂದವು’ ಎಂದು ಜನ ನಕ್ಕರು. ಪಂಚರು ಉಸ್ತಾದರನ್ನು ಬೈದರು, ಊರನ್ನಲ್ಲ. ಹುಡುಗರು ಕರಜಗಿಗೆ ಮುಖ ತೋರಿಸದೆ ಸೊಲ್ಲಾಪುರದ ಗಿರಣಿ ಸೇರಿದರು.

ಮೂರನೆಯವನು ಹುಲೆಪ್ಪ. ಅವನನ್ನು ಇಮಾಮಸಾಬರು ಎರೆಯ ಮೇಲೆ ನಿಲ್ಲಿಸಲೇ ಇಲ್ಲ. ಎರಡು ವರ್ಷ, ನಸುಕು ಹರಿಯುವ ಹೊತ್ತಿಗೆ ಹಳ್ಳಕ್ಕೆ ಕರೆದೊಯ್ದು ಮರಳಿನಲ್ಲಿ ಕಾಲು ಜಾರಿಸುವುದನ್ನು ಕಲಿಸಿದರು. ಎದುರಾಳಿ ಬೇಕಲ್ಲ, ಆ ಹಳೆಯ ಮೊಣಕಾಲುಗಳ ಮೇಲೆ ತಾವೇ ನಿಂತರು, ದಿನಾ ಬಿದ್ದರು. ಕಳಿಸುವ ಹಿಂದಿನ ದಿನ ಒಮ್ಮೆ ಮಾತ್ರ ಗೋದಾಮಿನ ಕಣದಲ್ಲಿ ನಿಲ್ಲಿಸಿ ನೋಡಿದರು. ಬಂಡಿ ಹೋದ ಮೇಲೆ ಎರೆಯಲ್ಲಿ ಅವನ ಹೆಜ್ಜೆಗಳು ಒಣಗಿ ಗಟ್ಟಿಯಾದವು. ಅವನ್ನು ಅಗೆಯಲು ಉಸ್ತಾದರು ಗುದ್ದಲಿ ಮುಟ್ಟಲಿಲ್ಲ.

1942ರ ಉರುಸಿನಲ್ಲಿ ಹುಲೆಪ್ಪ ಗೆದ್ದ. ಸುದ್ದಿ ಬಂದ ದಿನ ಇಮಾಮಸಾಬರು ಹಾಸಿಗೆ ಸುತ್ತಿದರು, ಅಡುಗೆಯ ಪಾತ್ರೆಗಳನ್ನು ಸಾಬವ್ವನಿಗೆ ಕೊಟ್ಟರು, ಮಡಿಸಿಟ್ಟ ಅಂಗಿ ತೊಟ್ಟು ಹೊಸ್ತಿಲ ಮೇಲೆ ಕೂತರು.

ಅತ್ತ ಆಳಂದದಲ್ಲಿ ಪಂಚರು ಕೂಡಿದ್ದರು. ಉಸ್ತಾದರನ್ನು ಕರೆಸಬೇಕೆಂದು ದೊಡ್ಡಪ್ಪನೇ ನೆನಪು ಮಾಡಿದ. ಆಗ ತೊಗರಿ ವ್ಯಾಪಾರಿ ಒಂದು ಮಾತು ಅಂದ: “ಮಾಲು ಚಲೋ ಬರಾಕತ್ತದ ಅಂದ್ರ ಖರೀದಿ ಊರು ಯಾಕ ಬದಲಿಸ್ಬೇಕ್ರಿ?” ಎಲ್ಲರೂ ತಲೆದೂಗಿದರು. ಕರಜಗಿಯನ್ನು ಆರಿಸಿದ್ದು ಸರಿಯೆಂದು ಆರು ವರ್ಷದ ಮೇಲೆ ಸಾಬೀತಾಗಿತ್ತು, ಆ ಸುಖವನ್ನು ಯಾರು ಬಿಡುತ್ತಾರೆ?

ಮೂರನೆಯ ದಿನ ಬಂಡಿ ಬಂತು. ಬಂಡಿ ಹೊಡೆಯುವ ಮುರ್ತುಜಾ ಒಂದು ಜರಿ ರುಮಾಲು ಕೊಟ್ಟು, ಪಂಚರು ಖುಷಿಯಾಗಿದ್ದಾರೆ, ಇಂಥವರು ಇನ್ನೂ ನಾಲ್ಕು ಜನ ಬೇಕಂತೆ, ನೀವು ಇಲ್ಲೇ ಇರಬೇಕಂತೆ ಎಂದು ನೆಲ ನೋಡುತ್ತ ಹೇಳಿದ. ಇಮಾಮಸಾಬರು ರುಮಾಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಚಲೋ ಅದ,” ಅಂದರು. ಆಮೇಲೆ ಕೇಳಿದರು, “ಬಂಡಿ ಖಾಲೀನೇ ಬಂತೇನಪ್ಪಾ?”

ಮುರ್ತುಜಾ ಹೂಂ ಅಂದ.

ಸಂಜೆ ಯಾರೂ ಹೇಳದೆ ಸಾಬವ್ವ ಪಾತ್ರೆಗಳನ್ನು ತಂದು ಬಾಗಿಲಲ್ಲಿಟ್ಟಳು. ಆ ದಿನ ಅವಳೂ ಮಾತು ಬಿಟ್ಟು ಹೋಗಲಿಲ್ಲ. ಉಸ್ತಾದರು ಹಾಸಿಗೆ ಬಿಚ್ಚಿದರು. ಮರುದಿನ ಹೊಸ ಹುಡುಗರು ಬರುವವರಿದ್ದರು, ಕಣ ಅಗೆದರು. ಒಂದು ಮೂಲೆಯಲ್ಲಿ ಎರಡು ಹೆಜ್ಜೆಗಳನ್ನು ಮಾತ್ರ ಹಾಗೇ ಬಿಟ್ಟರು.

ಅವರು ಈಗಲೂ ಕರಜಗಿಯಲ್ಲೇ ಇದ್ದಾರೆ. ಇದನ್ನು ಬರೆದವನು ಅವರಿಗೆ ಎರಡು ಬಂಡಿ ಕೆಂಪು ಮಣ್ಣು ಕೊಡಬೇಕು. ನರೋಣಾದ ಬಗ್ಗೆ ಅವರು ಹೇಳಿದ್ದೇ ಸರಿಯೆಂಬ ಮಾತನ್ನೂ ಕೊಡಬೇಕು.